ಅಜ್ಞಾತ ಸಾಧನದ ಕುಲಗೋತ್ರ

ಹಳೆಯ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಿಕೊಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟ ಭಾನುವಾರ ನನ್ನ ಗ್ರಹಗತಿ ಸರಿಯಿರಲಿಲ್ಲವೆಂದು ಕಾಣುತ್ತದೆ. ವಿಂಡೋಸೇನೋ ಒಂದು ಗಂಟೆಯೊಳಗೆ ಬಂದು ಕುಳಿತಿತು. ವೈಫೈ ಮಾತ್ರ ಏಳಲಿಲ್ಲ. ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಇದ್ದದ್ದು ಅಂತರ್ಜಾಲದಲ್ಲಿ, ಅಂತರ್ಜಾಲಕ್ಕೆ ಹೋಗಬೇಕಾದರೆ ಬೇಕಿದ್ದದ್ದು ಅದೇ ಡ್ರೈವರ್. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಕಟ್ಟಿದವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲವೆಂದರೆ ನಾನು ನಂಬಲಾರೆ. ಕೊನೆಗೆ ಮಗಳು ತನ್ನ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಅದರ ಇಂಟರ್ನೆಟ್ಟನ್ನೇ ಇತ್ತ ಹರಿಸಿ, ಒಂದು ಮಾತೂ ಆಡದೆ ಎದ್ದು ಹೋದಳು. ಆಡಿದ್ದರೇ ವಾಸಿಯಿತ್ತು.

ಅಷ್ಟಾದ ಮೇಲೆ, ಕಂಪ್ಯೂಟರಿನ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆಯುವ ದುರ್ಬುದ್ಧಿ ನನಗೇಕೆ ಬಂತೋ ತಿಳಿಯದು. ಅಲ್ಲಿ 'ಅನ್‌ನೋನ್ ಡಿವೈಸ್' ಎಂಬ ಹೆಸರಿನ ಮೇಲೆ ಹಳದಿ ತ್ರಿಕೋನವೊಂದು ಕುಳಿತಿತ್ತು. ಒಳಗೆ ನೋಡಿದರೆ ಕೋಡ್ 28, ಅಂದರೆ ಡ್ರೈವರ್ ಇಲ್ಲ. ಸ್ಪೀಕರ್ ಹಾಡುತ್ತಿತ್ತು, ಕ್ಯಾಮೆರಾ ನನ್ನ ಬೆವರಿದ ಮುಖವನ್ನು ನಿಷ್ಕರುಣೆಯಿಂದ ತೋರಿಸುತ್ತಿತ್ತು, ಬ್ಲೂಟೂತ್ ಕೂಡ ಸರಿಯಿತ್ತು. ಹಾಗಾದರೆ ಈ ಅನಾಮಿಕ ಯಾರು? ಡ್ರೈವರ್ ಹುಡುಕಿಕೊಡುವುದಾಗಿ ಹೇಳಿಕೊಂಡ ತಂತ್ರಾಂಶವೊಂದು, ನಾನು ಕೇಳಿದ ಒಂದನ್ನು ಬಿಟ್ಟು, ಕೇಳದ ಹತ್ತಾರು ದೋಷಗಳನ್ನು ಪತ್ತೆಹಚ್ಚಿ ಪರಿಹಾರಕ್ಕೆ ದಕ್ಷಿಣೆ ಬೇಡಿತು. ಅದನ್ನು ಕೂಡಲೇ ಸಾಗಹಾಕಿದೆ.

ಇಂಥ ಸಾಧನದ ಪ್ರಾಪರ್ಟೀಸಿಗೆ ಹೋಗಿ, ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ಅದರ ಕುಲಗೋತ್ರ ತಿಳಿಯುತ್ತದೆ ಎಂಬುದು ಮಧ್ಯಾಹ್ನದ ಊಟ ಆರಿದ ಮೇಲೆ ನೆನಪಾಯಿತು. ಪಿಸಿಐ ಎಂಬ ಸಂಪರ್ಕಮಾರ್ಗಕ್ಕೆ ಸೇರಿದ ಸಾಧನವಾದರೆ 'ವೆನ್' ಎಂದು ತಯಾರಕರ ಗೋತ್ರ, 'ಡೆವ್' ಎಂದು ಅದರ ಸ್ವಂತ ಗುರುತು ಇರುತ್ತವೆ. ಇಂಟೆಲ್‌ನವರು 1978ರಲ್ಲಿ ತಾವು ಹೊರತಂದ ಪ್ರೊಸೆಸರಿನ 8086 ಎಂಬ ಸಂಖ್ಯೆಯನ್ನೇ ಗೋತ್ರವಾಗಿ ಇಟ್ಟುಕೊಂಡಿದ್ದಾರೆ. ನನ್ನ ಅನಾಮಿಕನಿಗಾದರೋ ಅಂಥ ಗೋತ್ರವೂ ಇರಲಿಲ್ಲ. ಎಸಿಪಿಐ ಎಂಬ ಬೇರೆಯದೇ ವಂಶದಲ್ಲಿ 'ಎಸ್‌ಎಂಒ 8800' ಎಂದಷ್ಟೇ ಬರೆದಿತ್ತು. ಹುಡುಕಿದಾಗ ಅದು ಪತನವನ್ನು ಗ್ರಹಿಸುವ ಸೆನ್ಸರ್ ಎಂದು ತಿಳಿಯಿತು. ಮುಕ್ಕಾಲು ಮೀಟರ್ ಎತ್ತರದ ಮೇಜಿನಿಂದ ಲ್ಯಾಪ್‌ಟಾಪ್ ನೆಲ ಮುಟ್ಟಲು ಸುಮಾರು 0.4 ಸೆಕೆಂಡು ಸಾಕು; ಅಷ್ಟರೊಳಗೆ ಬೀಳುತ್ತಿರುವುದನ್ನು ಅರಿತು, ಹಾರ್ಡ್‌ಡಿಸ್ಕಿನಲ್ಲಿ ಓದುವ-ಬರೆಯುವ ಹೆಡ್ಡು ತಿರುಗುವ ತಟ್ಟೆಗೆ ಬಡಿಯದಂತೆ ಪಕ್ಕಕ್ಕೆ ಸರಿಸುವ ಏರ್ಪಾಡಿಗೆ ಅದು ಸೂಚನೆ ಕೊಡುತ್ತದೆ.

ಎಂಥ ಸ್ವಾಮಿನಿಷ್ಠೆ ಎಂದು ಮನಸ್ಸು ತುಂಬಿ ಬರುವಷ್ಟರಲ್ಲಿ, ಆ ಹಾರ್ಡ್‌ಡಿಸ್ಕನ್ನು ನಾನೇ ಮೂರು ವರ್ಷದ ಹಿಂದೆ ಕಿತ್ತು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ್ದು ನೆನಪಿಗೆ ಬಂತು. ಆ ಹಾರ್ಡ್‌ಡಿಸ್ಕು ಈಗ ಹಳೆಯ ಕರೆಂಟ್ ಬಿಲ್ಲುಗಳ ಜೊತೆ ಡ್ರಾಯರಿನಲ್ಲಿದೆ. ಆದರೂ ಹಳದಿ ತ್ರಿಕೋನ ನಿದ್ದೆಗೆಡಿಸುತ್ತದೆಂದು ಡ್ರೈವರ್ ಹಾಕಿಯೇ ಎದ್ದೆ.

"ಬೆಳಗ್ಗಿಂದ ಕೂತು ಅದೇನು ಸರಿ ಮಾಡಿದ್ರಿ?" ಎಂದು ಹೆಂಡತಿ ಕೇಳಿದಳು.

"ಇನ್ನು ಲ್ಯಾಪ್‌ಟಾಪ್ ಕೆಳಗೆ ಬಿದ್ದರೆ ಅದಕ್ಕೆ ಗೊತ್ತಾಗುತ್ತೆ" ಎಂದೆ.

"ಬಿದ್ದರೆ ನನಗೂ ಗೊತ್ತಾಗುತ್ತೆ," ಎಂದಳು, "ಸದ್ದು ಕೇಳಿಸುತ್ತಲ್ಲ."