ಒಂದು ಅಂಕ ಇಳಿದರೆ ಹುಷಾರಾದ ಹಾಗಾ?

ಸಿಐಡಿಪಿ ಅನ್ನೋ ನರದ ಕಾಯಿಲೆ ಇರೋ ಮನೆಯವರೆಲ್ಲ ಕೇಳಿ ಕೇಳಿ ಸಾಕಾದ ಪ್ರಶ್ನೆ ಇದು: "ಐವಿಐಜಿ ಹಾಕಿಸಿದ ಮೇಲೆ ಏನಾದ್ರೂ ಇಂಪ್ರೂವ್‌ಮೆಂಟ್ ಇದೆಯಾ?" (ಐವಿಐಜಿ ಅಂದರೆ ಇದಕ್ಕೆ ರಕ್ತನಾಳದ ಮೂಲಕ ಕೊಡೋ ಔಷಧಿ.) ಡಾಕ್ಟರ್ ಕೇಳ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಕೇಳ್ತಾರೆ. ನಮ್ಮತ್ತೆ ಎಲ್ಲರಿಗೂ ಒಂದೇ ಉತ್ತರ ಕೊಡೋದು, "ಪರವಾಗಿಲ್ಲ". ಮುಂದಿನ ಡೋಸ್ ಬೇಕೋ ಬೇಡವೋ ಅನ್ನೋ ತೀರ್ಮಾನ ಈ "ಪರವಾಗಿಲ್ಲ"ದ ಮೇಲೆ ನಿಲ್ಲಬಾರದು ಅನ್ನೋದು ನನ್ನ ತಕರಾರು.

ಗೊತ್ತಿಲ್ಲದವರಿಗೆ: ನಮ್ಮದೇ ರೋಗನಿರೋಧಕ ಶಕ್ತಿ ನರಗಳ ಮೇಲಿನ ಮೈಲಿನ್ ಹೊದಿಕೆಯನ್ನು ಹಾಳು ಮಾಡುವ ಕಾಯಿಲೆ ಸಿಐಡಿಪಿ. ಕೈಕಾಲು ಸೋಲುತ್ತವೆ, ಜೋಮು ಹಿಡಿಯುತ್ತವೆ. ಗೀಯಾನ್-ಬಾರೆ ಅನ್ನೋ ಇನ್ನೊಂದು ನರದ ಕಾಯಿಲೆಗೆ ದಾಯಾದಿ ಅನ್ನಬಹುದು, ಆದರೆ ಅದರ ಹಾಗೆ ದಿಢೀರಂತ ಬರದೆ ತಿಂಗಳುಗಟ್ಟಲೆ ಬೆಳೆಯುತ್ತೆ. ಐವಿಐಜಿ ತಯಾರಾಗೋದು ಸಾವಿರಾರು ಜನ ಕೊಟ್ಟ ಪ್ಲಾಸ್ಮಾದಿಂದ. ಸಾಮಾನ್ಯವಾಗಿ ಮೊದಲ ಸಲ ಕೆಜಿ ತೂಕಕ್ಕೆ 2 ಗ್ರಾಂ, ಅಂದರೆ 60 ಕೆಜಿಯವರಿಗೆ 120 ಗ್ರಾಂ. ಆಮೇಲೂ ಕೆಲವು ವಾರಕ್ಕೊಮ್ಮೆ ಬೇಕಾಗುತ್ತೆ. ಬಿಲ್ ಬಗ್ಗೆ ಹೇಳೋದು ಬೇಡ ಬಿಡಿ.

ಅಳೆಯೋಕೆ ಮಾಪಕಗಳೇ ಇಲ್ಲ ಅಂತಲ್ಲ. ಇನ್‌ಕ್ಯಾಟ್ ಅಂತ ಒಂದಿದೆ: ಕೈಗೆ 0ಯಿಂದ 5, ಕಾಲಿಗೆ 0ಯಿಂದ 5, ಅಂಕ ಇಳಿದಷ್ಟೂ ಒಳ್ಳೇದು. 2008ರಲ್ಲಿ ಪ್ರಕಟವಾದ ಐಸ್ ಅನ್ನೋ ಐವಿಐಜಿ ಟ್ರಯಲ್‌ನಲ್ಲಿ 117 ರೋಗಿಗಳ ಸುಧಾರಣೆಯನ್ನು ಇದೇ ಲೆಕ್ಕದಲ್ಲಿ ನೋಡಿದರು, ಒಂದು ಅಂಕ ಇಳಿದರೆ ಗುಣ ಕಂಡಂತೆ. ಐವಿಐಜಿ ಪಡೆದವರಲ್ಲಿ 54% ಮಂದಿಗೆ ಹಾಗಾಯ್ತು. ಬರೀ ಪ್ಲಸೀಬೊ (ಔಷಧಿಯಿಲ್ಲದ ನಕಲಿ ಡೋಸ್) ಪಡೆದವರಲ್ಲೂ 21% ಮಂದಿಗೆ ಆಯ್ತು! ಔಷಧಿ ಕೆಲಸ ಮಾಡುತ್ತೆ ಅನ್ನೋದಕ್ಕೆ ಇದು ಗಟ್ಟಿ ಪುರಾವೆಯೇ. ಆದರೆ ನಿಮ್ಮ ಮನೆಯ ಒಬ್ಬ ರೋಗಿಯ ವಿಷಯಕ್ಕೆ ಬಂದರೆ ಒಂದು ಅಂಕ ತಾನಾಗೇ ಏನನ್ನೂ ಸಾಬೀತು ಮಾಡಲ್ಲ.

ಉಲ್ಟಾನೂ ಆಗುತ್ತೆ. ಕಾಲಿನ ಲೆಕ್ಕದಲ್ಲಿ ಹೊರಗೆ ಓಡಾಡೋಕೆ ಒಂದು ಕೋಲು ಬೇಕಾದರೆ 2. ಅತ್ತೆ ಮೊದಲು ಕೋಲು ಹಿಡಿದು ಗೇಟಿನ ತನಕ ಹೋಗೋರು. ಈಗ ಅದೇ ಕೋಲು ಹಿಡಿದು ದೇವಸ್ಥಾನಕ್ಕೆ ಹೋಗಿ, ಪ್ರದಕ್ಷಿಣೆ ಹಾಕಿ, ದಾರೀಲಿ ತರಕಾರಿಯವನ ಹತ್ತಿರ ಚೌಕಾಸಿ ಮಾಡಿ ಬರ್ತಾರೆ. ಅಂಕ ಆಗಲೂ 2, ಈಗಲೂ 2. ಕೈ ವಿಭಾಗದಲ್ಲಿ ಕೇಳೋದು ಗುಂಡಿ-ಜಿಪ್ ಹಾಕೋದು, ತಲೆ ಬಾಚೋದು, ಚಿಲ್ಲರೆ ಕಾಸು ಹಿಡಿಯೋದು, ಆಮೇಲೆ ಚಾಕು ಮತ್ತು ಫೋರ್ಕ್ ಒಟ್ಟಿಗೆ ಬಳಸೋದು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗೋ ಮನೆಯಲ್ಲಿ ಫೋರ್ಕಿನ ಪ್ರಶ್ನೆಗೆ ಏನಂತ ಉತ್ತರಿಸೋದು?

2011ರಲ್ಲಿ ಬಂದ ಐ-ರಾಡ್ಸ್ ಅನ್ನೋ ಇನ್ನೊಂದು ಮಾಪಕ ನನಗೆ ಹೆಚ್ಚು ಒಪ್ಪಿಗೆ. 24 ಕೆಲಸಗಳು: ಆಗಲ್ಲ, ಕಷ್ಟಪಟ್ಟು ಆಗುತ್ತೆ, ಸುಲಭವಾಗಿ ಆಗುತ್ತೆ ಅಂತ ರೋಗಿಯೇ ಗುರುತು ಹಾಕಬೇಕು. ಪೇಪರ್ ಓದೋದು ಸುಲಭದ ತುದಿ, ಓಡೋದು ಕಷ್ಟದ ತುದಿ. ಮಧ್ಯೆ ಬೀಗಕ್ಕೆ ಕೀಲಿ ತಿರುಗಿಸೋದು, ಮೆಟ್ಟಿಲು ಹತ್ತೋದು, ಗಂಟೆಗಟ್ಟಲೆ ನಿಲ್ಲೋದು. ಇದರಲ್ಲೂ ಸ್ಯಾಂಡ್‌ವಿಚ್ ಮಾಡೋದು, ಡ್ಯಾನ್ಸ್ ಮಾಡೋದು ಇವೆ. (ಅತ್ತೆ ಗಟ್ಟಿಮುಟ್ಟಾಗಿದ್ದಾಗಲೂ ಡ್ಯಾನ್ಸ್ ಮಾಡಿದವರಲ್ಲ.) ನೆಲದಿಂದ ಏಳೋದು, ಸೀರೆ ನೆರಿಗೆ ಹಿಡಿಯೋದು, ಹೂ ಕಟ್ಟೋದು ಇಲ್ಲ. ಪ್ರತಿ ಪ್ರಶ್ನೆಯ ಕಷ್ಟ ಎಷ್ಟು ಅಂತ ನೂರಾರು ರೋಗಿಗಳ ಉತ್ತರದಿಂದ ತೂಗಿ ಇಟ್ಟಿರೋ ಪಟ್ಟಿ ಅದು. ಹಾಗಾಗಿ ಮನಸ್ಸಿಗೆ ಬಂದ ಪ್ರಶ್ನೆ ತುರುಕಿದರೆ ಕೆಡುತ್ತೆ, ನಿಜ. ಆ ತೂಗೋ ಕೆಲಸವನ್ನು ನಮ್ಮ ರೋಗಿಗಳನ್ನು ಕೂರಿಸಿಕೊಂಡು ಮಾಡಬೇಕು ಅನ್ನೋದೇ ನನ್ನ ಬೇಡಿಕೆ.

ನರ್ವ್ ಕಂಡಕ್ಷನ್ (ನರದಲ್ಲಿ ಸಂಕೇತ ಹೇಗೆ ಹರಿಯುತ್ತೆ ಅಂತ ಅಳೆಯೋ ಪರೀಕ್ಷೆ) ರಿಪೋರ್ಟ್ ನೋಡಿ ಕಂಗೆಡೋರಿಗೆ ಒಂದು ಮಾತು. ಕಾಯಿಲೆ ಪತ್ತೆಗೆ ಅದು ಬೇಕೇ ಬೇಕು. ಆದರೆ ಅದರ ಅಂಕಿಯೂ ಕೈಕಾಲಿನ ಕಸುವೂ ಜೊತೆಜೊತೆಯಾಗಿ ಏರಬೇಕು ಅಂತೇನಿಲ್ಲ. ರಬ್ಬರ್ ಬಲ್ಬ್ ಹಿಂಡಿಸಿ ಹಿಡಿತದ ಬಲ ಅಳೆಯೋದು ಅದಕ್ಕಿಂತ ಎಷ್ಟೋ ಸಲ ಬೇಗ ಸುಳಿವು ಕೊಡುತ್ತೆ. ಯಾವತ್ತು ಅಳೆದಿರಿ ಅನ್ನೋದೂ ಮುಖ್ಯ. ಡೋಸ್ ಆದ ಮುಂದಿನ ವಾರದ ಅತ್ತೆಯೇ ಬೇರೆ, ಮುಂದಿನ ಡೋಸ್ ಹತ್ತಿರ ಬಂದಾಗಿನ ಅತ್ತೆಯೇ ಬೇರೆ. ಒಮ್ಮೆ ಮೊದಲ ವಾರದಲ್ಲೂ ಇನ್ನೊಮ್ಮೆ ಕೊನೇ ವಾರದಲ್ಲೂ ಅಳೆದು ಹೋಲಿಸಿದರೆ ಇಲ್ಲದ ಹಿನ್ನಡೆಯೂ ಕಾಣುತ್ತೆ.

ನಾವೀಗ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಪ್ರತಿ ಡೋಸ್‌ನ ಹಿಂದಿನ ದಿನ ಅದೇ ಕೆಲಸಗಳು: ಹೂ ಕಟ್ಟೋದು, ಬ್ಲೌಸ್ ಹುಕ್, ನೆಲದಿಂದ ಏಳೋದು, ಬಸ್ ಹತ್ತೋದು. ಇದು ಮಾಪಕ ಅಲ್ಲ, ಡಾಕ್ಟರಿಗೆ ತೋರಿಸೋ ಚೀಟಿ ಅಷ್ಟೇ. "ಪರವಾಗಿಲ್ಲ" ಅನ್ನೋ ಉತ್ತರಕ್ಕೆ ಮಾತ್ರ ಅದರಲ್ಲಿ ಜಾಗ ಇಟ್ಟಿಲ್ಲ. ಅತ್ತೆಗೆ ಇದು ಸ್ವಲ್ಪ ಬೇಜಾರೇ.