ಸುದ್ದಿ ಮುಟ್ಸೋದೂ ಪಾಲಿಕೆ ಕೆಲಸಾನೇ

ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ. ತುಮಕೂರಿನೋರಂತೂ ಓದ್ಲೇಬೇಕು.

ಪಾಲಿಕೆ ವಿಷಯ ಬಂತು ಅಂದ್ರೆ ಎಲ್ರೂ ರಸ್ತೆ ಗುಂಡಿ, ಒಳಚರಂಡಿ, ಬೀದಿ ದೀಪ, ನಾಯಿ ಕಾಟ ಅಂತ ಶುರು ಮಾಡ್ತಾರೆ, ಅದೆಲ್ಲ ನಿಜಾನೇ, ನಾನು ಇಲ್ಲ ಅನ್ನಲ್ಲ. ಆದ್ರೆ ತುಂಬಾ ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಕೊಂಡು, ಆನ್‌ಲೈನ್ ಅರ್ಜಿ ಹಾಕ್ಕೊಡ್ತಾ, ಜನ ಕೈಯಲ್ಲಿ ಕಾಗದ ಹಿಡ್ಕೊಂಡು ಬರೋದನ್ನ ದಿನಾ ನೋಡ್ತಿರೋ ನಂಗೆ ಬೇರೆ ಒಂದು ವಿಷಯ ಹೆಚ್ಚು ಸಂಕಟ ಕೊಡುತ್ತೆ. ಸೇವೆ ಇರುತ್ತೆ. ಫೀಸು ಇಷ್ಟೇ ಅಂತ ನಿಯಮ ಇರುತ್ತೆ, ಕೊನೇ ದಿನ ಇರುತ್ತೆ. ಅದು ಬೇಕಾದೋರಿಗೆ ಬೇಕಾದ ಹೊತ್ತಿಗೆ ಗೊತ್ತಾಗಲ್ಲ ಅಷ್ಟೇ. ಆ ಗೊತ್ತಿಲ್ಲದಿರೋ ಜಾಗದಲ್ಲೇ ಮಧ್ಯವರ್ತಿಗಳು ಅಂಗಡಿ ತೆಗೆದಿರೋದು.

ಮೇ ತಿಂಗಳು ಬಂದ್ರೆ ಶಾಲೆ ಅಡ್ಮಿಷನ್ ಶುರು, ನಮ್ಮ ಅಂಗಡೀಗೆ ಜನನ ಪ್ರಮಾಣಪತ್ರ ತಗೊಂಡು ಬರೋರು ಜಾಸ್ತಿ. ಎಷ್ಟೋ ಪತ್ರದಲ್ಲಿ ಮಗು ಹೆಸರಿನ ಜಾಗ ಖಾಲಿ ಇರುತ್ತೆ. ಆಸ್ಪತ್ರೇಲಿ ಹುಟ್ಟಿದ ತಕ್ಷಣ ಅಪ್ಪ ಅಮ್ಮನ ಹೆಸರು ಬರೆದು ನೋಂದಣಿ ಆಗೋಗಿರುತ್ತೆ, ನಾಮಕರಣ ನಮ್ಮಲ್ಲಿ ಆಮೇಲೆ ತಾನೇ, ಹೆಸರಿಟ್ಟ ಮೇಲೆ ವಾಪಸ್ ಹೋಗಿ ಸೇರಿಸ್ಬೇಕು ಅಂತ ಬಾಣಂತಿ ಮನೆಗೆ ಹೇಳೋರು ಯಾರೂ ಇಲ್ಲ. ನೋಂದಣಿ ಆಗಿ ಒಂದು ವರ್ಷದೊಳಗೆ ಹೋದ್ರೆ ಹೆಸರು ಸೇರ್ಸಕ್ಕೆ ಒಂದು ರೂಪಾಯಿನೂ ಕಟ್ಟಂಗಿಲ್ಲ. ಆಮೇಲೆ ಆದ್ರೂ 15 ವರ್ಷದವರೆಗೆ ಸಣ್ಣ ಫೀಸು ಕಟ್ಟಿ ಸೇರಿಸ್ಬಹುದು. ಇದು ಗೊತ್ತಿಲ್ಲದೆ ಗಾರ್ಮೆಂಟ್ಸ್‌ಗೆ ಹೋಗೋ ಒಬ್ಬ ತಾಯಿ ಬಂದು ನನ್ನ ಕೇಳಿದ್ದು ಹಿಂಗೆ: "ಅಣ್ಣ, ಹೆಸ್ರು ಸೇರ್ಸಕ್ಕೆ ಮೂರು ಸಾವ್ರ ಕೇಳವ್ರೆ, ನೀವು ಹೇಳಿ ಸ್ವಲ್ಪ ಕಮ್ಮಿ ಮಾಡ್ಸ್ತೀರಾ?" ಯಾಕೆ ಕೊಡ್ಬೇಕು ಅಂತಲ್ಲ ಆಯಮ್ಮ ಕೇಳಿದ್ದು, ಕಮ್ಮಿ ಆಗುತ್ತಾ ಅಂತ. ಅವತ್ತು ರಾತ್ರಿ ನಂಗೆ ಊಟ ಸೇರಲಿಲ್ಲ.

ಮನೇಲೇ ಹೆರಿಗೆ ಆದ್ರೆ, ಅಥವಾ ಮನೇಲಿ ಯಾರಾದ್ರೂ ತೀರ್ಕೊಂಡ್ರೆ, 21 ದಿನದೊಳಗೆ ತಿಳಿಸಿದ್ರೆ ನೋಂದಣಿ ಫ್ರೀ. 30 ದಿನದವರೆಗೆ ಲೇಟ್ ಫೀ, ಅದು ದಾಟಿದ್ರೆ ಮೇಲಿನೋರ ಅನುಮತಿ ಬೇಕು, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್‌ವರೆಗೂ ಹೋಗುತ್ತೆ. ಇದು 1969ರ ಕಾಯ್ದೆ, ಹೊಸದೇನಲ್ಲ. 2023ರಲ್ಲಿ ಅದಕ್ಕೆ ತಿದ್ದುಪಡಿ ಬಂದ ಮೇಲೆ ಇನ್ನೂ ಬಿಗಿ ಆಗಿದೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ, ವೋಟರ್ ಲಿಸ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ ಹುಟ್ಟಿದ ದಿನದ ದಾಖಲೆ ಅಂದ್ರೆ ಈ ಜನನ ಪತ್ರಾನೇ. ಇಷ್ಟು ದೊಡ್ಡ ಬದಲಾವಣೆ, ನಮ್ಮ ಬೀದೀಲಿ ಎಷ್ಟು ಜನಕ್ಕೆ ಗೊತ್ತು ಕೇಳಿ ನೋಡಿ.

ಖಾತೆ ವಿಷಯ ಇನ್ನೊಂದು. 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದ್ರೆ ಆನ್‌ಲೈನ್ ಆಸ್ತಿ ದಾಖಲೆ, ಇಲ್ದೆ ಆಸ್ತಿ ರಿಜಿಸ್ಟ್ರೇಷನ್ ಇಲ್ಲ ಅಂತಾಯ್ತು, 2025ರ ಫೆಬ್ರವರೀಲಿ ಅನುಮತಿ ಇಲ್ಲದ ಬಡಾವಣೆಯ ಆಸ್ತಿಗಳಿಗೆ ಬಿ ಖಾತಾ ಕೊಡಕ್ಕೆ ಮೂರು ತಿಂಗಳ ಅಭಿಯಾನ ಅಂತ ಸರ್ಕಾರ ಹೇಳ್ತು. ರೆವಿನ್ಯೂ ಸೈಟಲ್ಲಿ, ಅಂದ್ರೆ ಲೇಔಟ್ ಅನುಮತಿ ಇಲ್ಲದ ಸೈಟಲ್ಲಿ, ಮನೆ ಕಟ್ಕೊಂಡಿರೋರು ನಮ್ಮಲ್ಲಿ ಒಬ್ರಾ ಇಬ್ರಾ. ಆ ಮೂರು ತಿಂಗಳು ವಾಟ್ಸಾಪಲ್ಲಿ ಹರಿದಾಡಿದ್ದು ಏನೇನು ಅಂತೀರಾ, ಬಿ ಖಾತಾ ಮಾಡಿಸದಿದ್ರೆ ಮನೆ ಒಡೀತಾರಂತೆ, ಮಾಡಿಸಿದ್ರೆ ಸೈಟು ಸಕ್ರಮ ಆಯ್ತಂತೆ, ಎರಡೂ ಸುಳ್ಳು. ತೆರಿಗೆ ಲೆಕ್ಕಕ್ಕೆ ತಗೊಳ್ಳೋದು ಬೇರೆ, ಸಕ್ರಮ ಮಾಡೋದು ಬೇರೆ. ಮೊದಲನೇ ಸಲ ದುಪ್ಪಟ್ಟು ತೆರಿಗೆ ಅನ್ನೋದು ಕ್ಯೂನಲ್ಲಿ ನಿಂತ ಮೇಲೇನೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು. ವಯಸ್ಸಾದೋರು, ಇಸಿ (ಋಣಭಾರ ಪತ್ರ) ಇಲ್ಲ, ಕ್ರಯಪತ್ರದ ಜೆರಾಕ್ಸ್ ಇಲ್ಲ, ಬಿಸಿಲಲ್ಲಿ ಆ ಕಡೆ ಈ ಕಡೆ ಓಡಾಡಿದ್ರು. ಯಾವ್ಯಾವ ಕಾಗದ ಬೇಕು ಅಂತ ಒಂದು ಹಾಳೆ ಬೀದಿ ಮೂಲೇಲಿ ಅಂಟಿಸಿದ್ರೆ ಆ ಓಡಾಟ ಅರ್ಧ ಉಳೀತಿತ್ತು.

ಮನೆ ಕಂದಾಯಾನೂ ಅಷ್ಟೇ, ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ. 5 ರಿಯಾಯಿತಿ, ಜುಲೈ ಆದ್ರೆ ತಿಂಗಳಿಗೆ ಶೇ. 2 ದಂಡ. ಕೆಲವು ವರ್ಷ ಸರ್ಕಾರ ರಿಯಾಯಿತಿ ಗಡುವು ಮುಂದಕ್ಕೆ ಹಾಕಿದ್ದೂ ಇದೆ. ಇದರ ಪ್ರಯೋಜನ ಯಾರು ತಗೋತಾರೆ, ಪೇಪರ್ ಓದೋರು, ನೌಕರಿ ಇರೋರು. ಎರಡು ರೂಮಿನ ಶೀಟ್ ಮನೆ ಇರೋ ವಿಧವೆ ದಂಡ ಕಟ್ತಾಳೆ.

ನೀರಿನ ಕಥೆ ಎಲ್ರಿಗೂ ಗೊತ್ತಿರೋದೇ. ಗೊರೂರು ಡ್ಯಾಮಿಂದ ಹೇಮಾವತಿ ನಾಲೇಲಿ ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಮ್ಮ ನಲ್ಲೀಗೆ. ಕೆರೇಲಿ ನೀರು ಇಳಿದಾಗ ದಿನಗಳ ಅಂತರ ಜಾಸ್ತಿ ಆಗುತ್ತೆ, ಅದನ್ನ ಜನ ಒಪ್ಕೋತಾರೆ ಕಣ್ರೀ, ಬರಗಾಲ ನೋಡಿರೋ ಜಿಲ್ಲೆ ಇದು, ಮಧುಗಿರಿ ಪಾವಗಡ ಕಡೆಯಿಂದ ಬಂದು ಇಲ್ಲಿ ನೆಲೆಸಿರೋರಿಗೆ ನೀರಿನ ಬೆಲೆ ಯಾರೂ ಹೇಳ್ಕೊಡಬೇಕಾಗಿಲ್ಲ. ಒಪ್ಕೊಳ್ಳಕ್ಕಾಗದೆ ಇರೋದು ಯಾವತ್ತು ಬರುತ್ತೆ ಅಂತಾನೇ ಗೊತ್ತಿಲ್ಲದೆ ಇರೋದನ್ನ. ಕೂಲಿಗೆ ಹೋಗೋ ಹೆಂಗಸು ಒಂದು ದಿನದ ಸಂಬಳ ಬಿಟ್ಟು ಮನೇಲಿ ಕೂತ್ಕೊಂಡು ಕಾಯ್ತಾಳೆ, ಅವತ್ತು ಬರಲ್ಲ, ಮಾರನೇ ದಿನ ಆಕೆ ಕೆಲಸಕ್ಕೆ ಹೋದಾಗ ಬಂದು ಹೋಗಿರುತ್ತೆ. ಪೈಪ್ ಒಡೆದಿದ್ರೆ ಒಡೆದಿದೆ ಅಂತ, ಪಂಪ್ ಕೆಟ್ಟಿದ್ರೆ ಕೆಟ್ಟಿದೆ ಅಂತ ಹಿಂದಿನ ಸಂಜೆ ತಿಳಿಸಿದ್ರೆ ಆಕೆಯ ಒಂದು ದಿನದ ದುಡಿಮೆ ಉಳಿಯುತ್ತೆ. ಹನಿ ನೀರು ಜಾಸ್ತಿ ಬಿಡಬೇಕಾಗಿಲ್ಲ ಅದಕ್ಕೆ.

ಮೊದಲಾದ್ರೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗ್ತಿದ್ವಿ. ಒಳ್ಳೇರೋ ಕೆಟ್ಟೋರೋ, ಬೆಳಗ್ಗೆ ಏಳಕ್ಕೆ ಹೋಗಿ "ಏನ್ ಸ್ವಾಮಿ ನೀರಿಲ್ವಲ್ಲ" ಅಂತ ಕೇಳೋ ಒಂದು ಜಾಗ ಇತ್ತು, ಅವರೇ ವಾಲ್ವ್ ತಿರುಗ್ಸೋ ಹುಡುಗನಿಗೆ ಫೋನ್ ಮಾಡೋರು. 35 ವಾರ್ಡಿಗೆ ನಾವು ವೋಟು ಹಾಕಿದ್ದು 2018ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ 2024ರ ಶುರುವಲ್ಲಿ ಮುಗೀತು, ಆಮೇಲೆ ಪಾಲಿಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಕೈಗೆ ಹೋಯ್ತು. ಅವಧಿ ಮುಗಿಯೋದ್ರೊಳಗೆ ಚುನಾವಣೆ ಆಗ್ಬೇಕು ಅಂತ ಸಂವಿಧಾನದಲ್ಲೇ ಇದೆ, 243ಯು ವಿಧಿ ತೆಗೆದು ನೋಡಿ. ಒಬ್ಬ ಆಡಳಿತಾಧಿಕಾರಿ ಎಷ್ಟೇ ಕೆಲಸಗಾರರಾದ್ರೂ ಕ್ಯಾತ್ಸಂದ್ರದ ಕೊನೇ ಬೀದೀಲಿ ಏನಾಗಿದೆ, ಗುಬ್ಬಿ ಗೇಟ್ ಕಡೆ ಏನಾಗಿದೆ ಅಂತ ಹೆಂಗೆ ಗೊತ್ತಾಗ್ಬೇಕು. ಸುದ್ದಿ ಮೇಲಕ್ಕೂ ಹೋಗ್ತಿಲ್ಲ, ಕೆಳಕ್ಕೂ ಬರ್ತಿಲ್ಲ. ಜನಪ್ರತಿನಿಧಿ ಇಲ್ಲದ ಕಾಲದಲ್ಲೇ ಪಾಲಿಕೆ ಹೆಚ್ಚು ಬಾಯಿ ಬಿಟ್ಟು ಮಾತಾಡ್ಬೇಕು ಅನ್ನೋದು ನನ್ನ ವಾದ.

ಆಗಲ್ಲ ಅನ್ನೋದನ್ನ ಮಾತ್ರ ನಾನು ನಂಬಲ್ಲ. ಕೋವಿಡ್ ಟೈಮ್ ನೆನಪು ಮಾಡ್ಕೊಳ್ಳಿ. ದಿನಾ ಜಿಲ್ಲೆಯ ಬುಲೆಟಿನ್ ಬರ್ತಿತ್ತು, ಯಾವ ತಾಲೂಕಲ್ಲಿ ಎಷ್ಟು ಕೇಸು ಅಂತ ಲೆಕ್ಕ ಇರ್ತಿತ್ತು, ಆಟೋಗೆ ಮೈಕ್ ಕಟ್ಕೊಂಡು ಬೀದಿ ಬೀದೀಲಿ ಕೂಗ್ಕೊಂಡು ಹೋಗೋರು. ಅವೇ ಇಲಾಖೆಗಳು, ಅವರೇ ನೌಕರರು, ಅದೂ ಜೀವ ಕೈಯಲ್ಲಿ ಹಿಡ್ಕೊಂಡು ಮಾಡಿದ್ರು, ಅವರಿಗೆ ಇವತ್ತಿಗೂ ಕೈ ಮುಗೀತೀನಿ. ಸ್ಮಾರ್ಟ್ ಸಿಟಿ ಪಟ್ಟಿಗೆ ನಮ್ಮೂರು ಸೇರಿದ್ದು 2016ರಲ್ಲಿ, ಆ ದುಡ್ಡಲ್ಲಿ ಕ್ಯಾಮೆರಾ ಪರದೆ ಎಲ್ಲ ಇಟ್ಟು ಕಮಾಂಡ್ ಸೆಂಟರ್ ಅಂತಾನೇ ಮಾಡಿದಾರೆ. ಊರಿನ ಮಾಹಿತಿ ಒಂದು ಕಡೆ ಸೇರೋ ಜಾಗ ಇದೆ ಅಂದ್ಮೇಲೆ ಅಲ್ಲಿಂದ ನಾಳೆ ಯಾವ ಬೀದಿಗೆ ನೀರು ಅನ್ನೋ ಒಂದು ಸಾಲು ಹೊರಗೆ ಬರಕ್ಕೆ ಕಷ್ಟ ಏನಿದೆ?

ನನ್ನ ಒಂದು ಸಲಹೆ ಇದೆ, ಇದಕ್ಕೆ ಹೊಸ ಟೆಂಡರ್ ಬೇಡ. ದಿನಾ ಬೆಳಗ್ಗೆ ಕಸದ ಆಟೋ ಬರುತ್ತಲ್ಲ, ಸ್ಪೀಕರ್‌ನಲ್ಲಿ ಹಸಿ ಕಸ ಒಣ ಕಸ ಬೇರೆ ಮಾಡಿ ಅಂತ ಹಾಡು ಹಾಕ್ಕೊಂಡು. ಊರಿನ ಹೆಚ್ಚುಕಮ್ಮಿ ಎಲ್ಲ ಮನೆ ಬಾಗಿಲಿಗೆ ಹೋಗೋ ಸರ್ಕಾರಿ ಗಾಡಿ ಅದೊಂದೇ. ಆ ಹೊತ್ತಿಗೆ ಬಕೆಟ್ ಹಿಡ್ಕೊಂಡು ಹೊರಗೆ ಬರೋರು ಯಾರು, ಮನೆ ನಡೆಸೋ ಹೆಂಗಸ್ರು, ವಯಸ್ಸಾದೋರು, ಸ್ಮಾರ್ಟ್‌ಫೋನ್ ಇಲ್ದಿರೋರು. ಸುದ್ದಿ ಮುಟ್ಟಬೇಕಾಗಿರೋದು ಅವರಿಗೇ. ಆ ಹಾಡಿನ ಮಧ್ಯೆ ಅರ್ಧ ನಿಮಿಷ ಆ ವಾರ್ಡಿನ ಸುದ್ದಿ ರೆಕಾರ್ಡ್ ಮಾಡಿ ಹಾಕಿ, ನೀರು ಯಾವತ್ತು, ಕಂದಾಯಕ್ಕೆ ಎಷ್ಟು ದಿನ ಉಳೀತು, ಖಾತೆ ಕ್ಯಾಂಪ್ ಎಲ್ಲಿ. ಕನ್ನಡದಲ್ಲಿ ಹಾಕಿ, ಉರ್ದು ಮಾತಾಡೋ ಬೀದಿಗಳಲ್ಲಿ ಉರ್ದೂಲೂ ಒಂದ್ಸಲ ಹಾಕಿ. ಜೊತೆಗೆ ನ್ಯಾಯಬೆಲೆ ಅಂಗಡಿ, ಅಂಗನವಾಡಿ, ನಂದಿನಿ ಬೂತ್ ಹತ್ರ ಒಂದೊಂದು ಬೋರ್ಡು, ವಾರಕ್ಕೊಂದು ಹಾಳೆ, ಕೆಳಗೆ ದಿನಾಂಕ ಇರ್ಲಿ, ಜವಾಬ್ದಾರಿ ಯಾರದು ಅಂತ ಹುದ್ದೆ ಮತ್ತು ಆಫೀಸ್ ನಂಬರ್ ಇರ್ಲಿ. ದಿನಾಂಕ ಯಾಕೆ ಅಂದ್ರೆ, ಯಾವತ್ತಿನ ಸುದ್ದಿ ಅಂತ ಗೊತ್ತಿಲ್ಲದೆ ಹೋದ ವರ್ಷದ ಪ್ರಕಟಣೆ ಈ ವರ್ಷ ಫಾರ್ವರ್ಡ್ ಆಗಿ ಜನ ನನ್ನ ಅಂಗಡೀಗೆ ಓಡಿ ಬರೋದನ್ನ ನೋಡಿದೀನಿ.

ವೆಬ್‌ಸೈಟ್ ಇದೆ, ಫೇಸ್‌ಬುಕ್ ಪೇಜ್ ಇದೆ, ನೋಡ್ಕೊಳ್ಳಿ ಅನ್ನೋರಿಗೆ ಒಂದು ಮಾತು. ಹಾಕೋದು ಬೇರೆ ಮುಟ್ಸೋದು ಬೇರೆ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲೇ ಬಂತು, ಅದರ 4ನೇ ಸೆಕ್ಷನ್ನು ಯಾರೂ ಕೇಳೋದಕ್ಕೆ ಮೊದಲೇ ಮಾಹಿತಿ ಕೊಡಿ ಅನ್ನುತ್ತೆ, ನೋಟಿಸ್ ಬೋರ್ಡ್, ಪೇಪರ್, ಸಾರ್ವಜನಿಕ ಪ್ರಕಟಣೆ, ಯಾವುದಾದ್ರೂ ಸರಿ, ಸ್ಥಳೀಯ ಭಾಷೇಲಿ ಜನಕ್ಕೆ ಸುಲಭವಾಗಿ ಸಿಗೋ ಹಂಗೆ ಅಂತಾನೂ ಹೇಳುತ್ತೆ. ನೌಕರರು ಕಮ್ಮಿ ಇದಾರೆ ಅನ್ನೋದು ನಿಜ, ಅದನ್ನ ಒಪ್ತೀನಿ. ಆದ್ರೆ ಒಂದೇ ಪ್ರಶ್ನೆಗೆ ಕೌಂಟರಲ್ಲಿ ದಿನಾ ನೂರು ಜನಕ್ಕೆ ಉತ್ತರ ಕೊಡೋ ಬದಲು ಒಂದು ಹಾಳೆ ಅಂಟಿಸಿದ್ರೆ ಆ ನೌಕರರಿಗೇ ಉಸಿರಾಡಕ್ಕೆ ಟೈಮ್ ಸಿಗುತ್ತಲ್ವಾ.

ಸಕಾಲದ ವಿಷಯಾನೂ ಇಲ್ಲೇ ಹೇಳ್ಬಿಡ್ತೀನಿ. ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಕೊಡ್ಬೇಕು ಅನ್ನೋ ನಮ್ಮ ರಾಜ್ಯದ ಕಾಯ್ದೆ ಅದು, 2012ರಿಂದ ಜಾರೀಲಿದೆ. ಸಕಾಲಕ್ಕೆ ಬರೋ ಅರ್ಜಿ ಕೊಟ್ಟಾಗ ಅರ್ಜಿ ಗುರುತಿಗೆ ಕೊಡೋ 15 ಅಂಕಿಯ ಜಿಎಸ್‌ಸಿ ನಂಬರ್ ಕೇಳಿ ಇಸ್ಕೊಳ್ಳಿ, ಗಡುವು ಮೀರಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚು ಅಂದ್ರೆ 500 ರೂಪಾಯಿ ಪರಿಹಾರ ಅಂತ ಕಾಯ್ದೇಲಿ ಬರೆದಿದೆ. ದುಡ್ಡು ಮುಖ್ಯ ಅಲ್ಲ, ಆ ನಂಬರ್ ಇದ್ರೆ ನಿಮ್ಮ ಅರ್ಜಿ ಕಳೆದೋಯ್ತು ಅನ್ನೋ ಮಾತು ಯಾರೂ ಆಡಕ್ಕಾಗಲ್ಲ.

ಇನ್ನು ವಾರ್ಡ್ ಸಮಿತಿ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರೋ ಊರಲ್ಲಿ ಇರಲೇಬೇಕು ಅಂತ ಸಂವಿಧಾನದ 243ಎಸ್ ವಿಧಿ ಹೇಳುತ್ತೆ, 2011ರ ಜನಗಣತೀಲೇ ನಾವು 3 ಲಕ್ಷ ದಾಟಿದೀವಿ. ನಮ್ಮ ರಾಜ್ಯದ ಕಾಯ್ದೆ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಜನ ಸದಸ್ಯರು, ಅದರಲ್ಲಿ ಕನಿಷ್ಠ 3 ಹೆಣ್ಣುಮಕ್ಕಳು. ಮುಂದೆ ಚುನಾವಣೆ ಬಂದು ವೋಟು ಕೇಳಕ್ಕೆ ಬರೋರ ಹತ್ರ ರಸ್ತೆ ಕೇಳೋ ಜೊತೆಗೆ ಇದನ್ನೂ ಕೇಳಿ, ಗೆದ್ದ ಮೇಲೆ ಸಮಿತಿ ಮಾಡ್ತೀರಾ, ತಿಂಗಳ ಸಭೆ ನಡಾವಳಿ ಬೋರ್ಡಿಗೆ ಅಂಟಿಸ್ತೀರಾ ಅಂತ.

ಸದ್ಯಕ್ಕೆ ಕಸದ ಆಟೋದಲ್ಲಿ ವಾರ್ಡ್ ಸುದ್ದಿ ಹಾಕಿ, ಬೀದಿಗಳಲ್ಲಿ ಬೋರ್ಡ್ ಇಡಿ ಅಂತ ಒಂದು ಮನವಿ ಬರೆದಿದೀನಿ, ಆಯುಕ್ತರಿಗೂ ಆಡಳಿತಾಧಿಕಾರಿಗೂ ಒಂದೊಂದು ಪ್ರತಿ. ಅಂಗಡೀಲಿ ಪ್ರಿಂಟ್ ಹಾಕಿಟ್ಟಿದೀನಿ, ನಮ್ಮ ಅಂಗಡಿ ಗೊತ್ತಿರೋರು ಬಂದು ಸಹಿ ಹಾಕಿ, ಬೇರೆ ವಾರ್ಡಿನೋರು ಹೇಳಿದ್ರೆ ಫೈಲ್ ಕಳಿಸ್ತೀನಿ, ನಿಮ್ಮ ವಾರ್ಡ್ ನಂಬರ್ ತುಂಬ್ಕೊಂಡು ನೀವೇ ಕೊಡಬಹುದು. ಕೊಟ್ಟಾಗ ಇನ್ನೊಂದು ಪ್ರತಿ ಮೇಲೆ ಸೀಲು ದಿನಾಂಕ ಹಾಕಿಸ್ಕೊಳ್ಳೋದು ಮರೀಬೇಡಿ.