ಸಾಲಕ್ಕೆ ಅವಳ ಹೆಸರು ಬೇಕು, ಮನೆಗೆ ಬೇಡ

ನಿನ್ನೆ ಅಂಕೋಲೆಯಲ್ಲಿ ಮಹಿಳಾ ಸಬಲೀಕರಣದ ಒಂದು ಕಾರ್ಯಕ್ರಮಕ್ಕೆ ಹೋಗಿ ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಭಾಷಣ ಮಾಡಿದವರು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಬಗ್ಗೆ ಹೇಳಿದರು. ಐದನೇ ಗುರಿ ಲಿಂಗ ಸಮಾನತೆ, 2030ರೊಳಗೆ ಮುಟ್ಟಬೇಕು ಅಂತ. ಆಮೇಲೆ, "ಸಾಲ ತಗೊಂಡವರೆಲ್ಲ ಕೈ ಎತ್ತಿ" ಎಂದರು. ಸಭೆಯಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆದ್ದವು. ಚಪ್ಪಾಳೆ, ಫೋಟೋ. "ನೋಡಿ, ಸಬಲೀಕರಣ ಅಂದರೆ ಇದು!"

ನನ್ನ ಪಕ್ಕದಲ್ಲಿ ಕೂತವಳೂ ಕೈ ಎತ್ತಿದ್ದಳು. ಬೆಳಿಗ್ಗೆ ಮೀನು ಮಾರಿ ನೇರ ಅಲ್ಲಿಗೇ ಬಂದವಳು. ಸೀರೆಯ ಅಂಚು ಒದ್ದೆಯಾಗಿತ್ತು, ಮೊಣಕೈ ಹತ್ತಿರ ಎರಡು ಹುರುಪೆ ಅಂಟಿ ಒಣಗಿದ್ದವು. ನನ್ನ ಕೈಯಲ್ಲೇ ಓದಿದ ಹುಡುಗಿ ಅವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಪ್ಲಾಸ್ಟಿಕ್ ಕವರ್ ಬಿಚ್ಚಿ ತೋರಿಸಿದಳು. ಮೂರು ಸಾಲದ ಪುಸ್ತಕ. ಮೂರರ ಮೇಲೂ ಅವಳದೇ ಹೆಸರು, ಅವಳದೇ ಫೋಟೋ.

"ಮನೆ ಯಾರ ಹೆಸರಲ್ಲಿದೆಯೇ?" ಎಂದೆ.

"ಮಾವನ ಹೆಸರಲ್ಲೇ ಅದೆ ಅಕ್ಕೋರೇ. ಮಾವ ಸತ್ತು ಹನ್ನೊಂದು ವರ್ಷ ಆಯ್ತು. ಇವರೂ ಹೋಗಿ ಐದು ವರ್ಷ. ನನ್ನ ಹೆಸರಲ್ಲಿ ಎಂತಾ ಇಲ್ಲ."

ಮನೆ ಅವಳ ಹೆಸರಲ್ಲಿಲ್ಲ, ಹಾಗಾಗಿ ಬ್ಯಾಂಕಿಗೆ ಅಡ ಇಡಲು ಏನೂ ಇಲ್ಲ. ಅಡ ಇಲ್ಲದಿದ್ದರೆ ಕಡಿಮೆ ಬಡ್ಡಿಯ ದೊಡ್ಡ ಸಾಲವೂ ಇಲ್ಲ. ಉಳಿಯುವುದು ಅಡ ಕೇಳದ, ಬಡ್ಡಿ ಜಾಸ್ತಿ ಇರುವ, ವಾರವಾರ ಬಾಗಿಲಿಗೆ ಬಂದು ವಸೂಲಿ ಮಾಡುವ ಸಾಲ. ಒಂದು ಕಂತು ಕಟ್ಟಲು ಇನ್ನೊಂದು ಪುಸ್ತಕ. ಮಳೆಗಾಲದಲ್ಲಿ ಟ್ರಾಲರ್‌ಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆಗ ಅವಳು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಮಾರಿ ಮನೆ ನಡೆಸುತ್ತಾಳೆ. ಕಂತಿಗೆ ಮಾತ್ರ ಮಳೆಗಾಲದ ರಜೆ ಇಲ್ಲ.

ಹೆಂಗಸರು ಕಂತು ತಪ್ಪಿಸುವುದಿಲ್ಲ ಅನ್ನೋದು ಸಾಲ ಕೊಡುವವರಿಗೆಲ್ಲ ಗೊತ್ತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1983ರಿಂದ ನಡೆದದ್ದು ಇದೇ ನಂಬಿಕೆಯ ಮೇಲೆ. ಅದಕ್ಕೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು, ಜಗತ್ತೆಲ್ಲ ಆ ದಾರಿ ಹಿಡಿಯಿತು. ಆದರೆ ಅದೇ ಐದನೇ ಗುರಿಯ ಪಟ್ಟಿಯಲ್ಲಿ ಜಮೀನು, ಆಸ್ತಿಯ ಮೇಲೆ ಹೆಂಗಸರಿಗೆ ಹಕ್ಕು ಸಿಗಬೇಕು ಅಂತಲೂ ಇದೆ. ನಿನ್ನೆ ಆ ಸಾಲನ್ನು ಯಾರೂ ಓದಲಿಲ್ಲ. 2015-16ರ ಕೃಷಿ ಗಣತಿ ಪ್ರಕಾರ ನಮ್ಮ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು ನೂರಕ್ಕೆ ಸುಮಾರು 14. ನಾಟಿ ಮಾಡುವವರು ಯಾರು, ಕಳೆ ಕೀಳುವವರು ಯಾರು? ನಮ್ಮ ಗದ್ದೆಬಯಲಿಗೆ ಬಂದು ನೋಡಿ.

ಸಾಲ ಕೊಡಿಸುವ ಸ್ವಸಹಾಯ ಸಂಘ ಬಂದಮೇಲೆ ಹೆಂಗಸರು ಹೊಸಿಲು ದಾಟಿದರು, ಬ್ಯಾಂಕಿನ ಮೆಟ್ಟಿಲು ಹತ್ತಿದರು ಅಂತ ಕೆಲವರು ಹೇಳುತ್ತೀರಿ. ಹೌದು, ನಾನೇ ಕಣ್ಣಾರೆ ಕಂಡಿದ್ದೇನೆ. ಮೊದಲು ಬಡ್ಡಿಯವರ ಜಗಲಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಿತ್ತು. ಆದರೆ ಈಗಲೂ ತಲೆ ತಗ್ಗಿಸಿಯೇ ನಿಂತಿದ್ದಾಳಲ್ಲ! ವಸೂಲಿಯ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸುಮ್ಮನೆ ತಂದದ್ದಲ್ಲ. ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತವಳಿಗೆ ಹೊಸಿಲು ದಾಟುವುದನ್ನು ಸಾಲ ಕಲಿಸಬೇಕೇ? ಅವಳು ಯಾವತ್ತೋ ದಾಟಿದ್ದಾಳೆ. ಆ ಹೊಸಿಲು ಅವಳ ಹೆಸರಲ್ಲಿಲ್ಲ, ನನ್ನ ತಕರಾರು ಅಷ್ಟೇ.

"ಮನೆ, ಜಾಗ ಸ್ವಂತ ಹೆಸರಲ್ಲಿ ಇದ್ದವರು ಕೈ ಎತ್ತಿ" ಅಂತ ನಾನಾದರೂ ಎದ್ದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ನನ್ನ ಕೈಯೂ ಮೇಲೇಳುತ್ತಿರಲಿಲ್ಲ.

ಇದನ್ನು ನಿಮಗೆ ಯಾರಿಗೂ ಹೇಳಿರಲಿಲ್ಲ. ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲಿ ಕಾನೂನು ಬಂತು. ನಾನು 2009ರಲ್ಲಿ ನನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಅಣ್ಣ ಬಲವಂತ ಮಾಡಲಿಲ್ಲ. "ತವರು ಬೇಕಲ್ಲ ಮಗಾ" ಅಂದಳು ಅಮ್ಮ, ಅಷ್ಟೇ. ಸಹಿ ಹಾಕಿದ ಮೇಲೆ ಹೊಸ ಸೀರೆ, ಊಟಕ್ಕೆ ಪಾಯಸ. ಶಾಲೆಯಲ್ಲಿ ಮಕ್ಕಳಿಗೆ ಸಮಾನತೆಯ ಪಾಠ ಮಾಡುತ್ತಿದ್ದ ನಾನು ಆ ಸೀರೆ ಉಟ್ಟುಕೊಂಡೇ ಮನೆಗೆ ಬಂದೆ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ.

ಸೋಮವಾರ ಅವಳ ಜೊತೆ ಕಚೇರಿಗೆ ಹೋಗುತ್ತಿದ್ದೇನೆ. ಮಾವನದು, ಗಂಡನದು ಎರಡೂ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಮೈದುನನಿಗೂ ಪಾಲಿದೆ, ಅವನ ಜೊತೆಗೂ ಮಾತಾಡಬೇಕು. ಗಂಡನ ಪಾಲಿನಲ್ಲಿ ಮಕ್ಕಳ ಜೊತೆ ಅವಳ ಹೆಸರೂ ಬರಲೇಬೇಕು. ಪೌತಿ ಖಾತೆ, ಅಂದರೆ ಸತ್ತವರ ಹೆಸರಲ್ಲಿರುವ ಆಸ್ತಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ ಅನುಭವ ಇದ್ದವರು ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ಹೊರಡುವಾಗ ಅವಳು ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಬೇಡ ಅಕ್ಕೋರೇ, ಮೀನು ಹಾಳಾಗ್ತದೆ. ಊಟದ ಮೇಲೆ ಹೋಗುವನಾ?"